ದಬ್ಬೇಘಟ್ಟದ ತೋಟದಲ್ಲಿ ನಾನೆಳೆದ ಗೆರೆ

ದಬ್ಬೇಘಟ್ಟ ದಾಟಿದ ಮೇಲೆ ಮೊಬೈಲಿನ ನಕ್ಷೆ ನನ್ನ ಸೈಕಲ್ಲನ್ನು ನೇರವಾಗಿ ಒಂದು ತೆಂಗಿನ ತೋಟದೊಳಕ್ಕೆ ತಿರುಗಿಸಿತು. ಅಲ್ಲಿ ರಸ್ತೆಯೇ ಇರಲಿಲ್ಲ. ಎರಡು ಸಾಲು ಮರಗಳ ನಡುವೆ ಒಣಗರಿ ಹಾಸಿತ್ತು, ಅದರಡಿ ಮರಗಳಿಗೆ ನೀರುಣಿಸುವ ಡ್ರಿಪ್ ಪೈಪಿತ್ತು.

ಗರಿ ಎಳೆದು ಹಾಕುತ್ತಿದ್ದ ತೋಟದ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತರು. "ನೀವೂ ಸೈಕಲ್ನೋರಾ? ಹೋದ್ವಾರ ಇಬ್ರು ಬಂದು ಪೈಪಿನ ಮೇಲೇ ಓಡ್ಸಿ ಒಡ್ದಾಕಿ ಹೋದ್ರು ಕಣ್ರೀ. ಯಾರ್ರೀ ಇಲ್ಲಿ ರಸ್ತೆ ಐತೆ ಅಂದಿದ್ದು?"

ಅಂದವನು ನಾನೇ. ಅದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಮನೆಯಲ್ಲಿ ಕುಳಿತು ಉಪಗ್ರಹದ ಚಿತ್ರ ನೋಡಿ, ಮರಗಳ ನಡುವಿನ ಮಸುಕು ಗೆರೆಯನ್ನು ಸೈಕಲ್ ದಾರಿಯೆಂದು ಬರೆದುಬಿಟ್ಟಿದ್ದೆ. ತಪ್ಪೊಪ್ಪಿಕೊಂಡು, "ಈಗಲೇ ಅಳಿಸಿಬಿಡ್ತೀನಮ್ಮ" ಎಂದೆ.

"ಅಳಿಸ್ಬ್ಯಾಡಿ. ನಮ್ಮೂರೋರೂ ಇಲ್ಲೇ ಪೈಪ್ ನೋಡ್ಕಂಡು ಸೈಕಲ್ ತಳ್ಕಂಡು ಹೋಗಾದು. ಸುತ್ತಾಕ್ಕಂಡು ಹೋದ್ರೆ ದೂರ ಆಯ್ತದೆ."

ಹಾಗಾದರೆ ಇದು ದಾರಿಯೋ ಅಲ್ಲವೋ? ನನಗೆ ಕುತೂಹಲ ಹುಟ್ಟಿತು. ತಿದ್ದಲು ನಕ್ಷೆಯ ಗೆರೆ ಒತ್ತಿದರೆ, ಈ ದಾರಿ ಎಲ್ಲರಿಗೂ ಮುಕ್ತವೋ, ಖಾಸಗಿಯೋ ಎಂದು ಮೊಬೈಲು ಕೇಳುತ್ತಿತ್ತು. ಅವರಿಗೂ ಅದನ್ನೇ ಓದಿ ಹೇಳಿದೆ.

"ಎರಡೂ ಅಲ್ಲ. ಕೇಳಿದೋರ್ಗೆ ಬುಡ್ತೀವಿ ಅಂತ ಬರೀರಿ."

ಅಂಥದ್ದೊಂದು ಉತ್ತರವೂ ಪಟ್ಟಿಯ ಕೆಳಗಡೆ ಇತ್ತು. ಇಷ್ಟು ದಿನ ನಾನದನ್ನು ಒಮ್ಮೆಯೂ ಒತ್ತಿರಲಿಲ್ಲ. ಒತ್ತಿದೆ. ಇಳಿದು ತಳ್ಳಬೇಕು, ತೋಟದವರನ್ನು ಕೇಳಿ ಹೋಗಬೇಕು ಎಂದೂ ಸೇರಿಸಿ ಅವರಿಗೆ ಓದಿ ತೋರಿಸಿದೆ. ಸರಿ ಎಂದು ತಲೆಯಾಡಿಸಿದರು. ಮೊಬೈಲು ಜೇಬಿಗಿಟ್ಟು, ಪೈಪು ತಪ್ಪಿಸಿ ಸೈಕಲ್ ತಳ್ಳತೊಡಗಿದೆ.

ಅವರು ನಿಂತಲ್ಲಿಂದ ಕದಲಲಿಲ್ಲ.

"ಬೇರೇರ್ಗೆ ಬರ್ದಿದ್ದಾಯ್ತು. ನೀವು ಕೇಳೇ ಇಲ್ವಲ್ರೀ?"