ಎರಡು ರಿಂಗಿನ ಆರತಿ

ನವರಾತ್ರಿಗೆ ಮನೆ ಸ್ವಚ್ಛ ಮಾಡಲೆಂದು ಮೇಲಿನ ಡಬ್ಬಿಗಳನ್ನು ಇಳಿಸುತ್ತಿದ್ದೆ. ಹಳೆಯ ಟವೆಲಿನಲ್ಲಿ ಸುತ್ತಿದ ಗಂಟೊಂದು ಕೈಗೆ ಬಂತು. ಬಿಚ್ಚುವ ಮೊದಲೇ ವಾಸನೆಯ ಗುರುತು ಹತ್ತಿತು. ಕರ್ಪೂರ, ಅದರ ಹಿಂದೆ ಸ್ವಲ್ಪ ಡೀಸೆಲ್. ಈ ಎರಡೂ ಕೂಡಿದ ವಾಸನೆ ನನಗೆ ಗೊತ್ತಿದ್ದಂತೆ ಒಂದೇ ಮನೆಯದು. ಒಳಗೆ ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಹಲಗೆ, ಬಾಲದಂಥ ವೈರು, ನಡುವೆ ಮಾಸಿದ ಕುಂಕುಮದ ಬೊಟ್ಟು. ಲಾರಿ ಕಾಕಾನ ರೇಡಿಯೋದ ಆಂಟೆನಾ.

ಈಗ ನಾವಿರುವುದು ಖರಾಡಿಯ ಫ್ಲ್ಯಾಟಿನಲ್ಲಿ. ಆಗ ಇದೇ ಊರಿನ ಮಾರ್ಕೆಟ್ ಯಾರ್ಡಿನ ಹಿಂದೆ, ಸಾಲು ಮನೆಗಳ ಚಾಳಿನಲ್ಲಿದ್ದೆವು. ನಮ್ಮವರು ಉಳ್ಳಾಗಡ್ಡಿಯ ಅಡತಿ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದರು. ಧಾರವಾಡದ ಕಡೆಯಿಂದ ಹೊಸದಾಗಿ ಬಂದ ನನಗೆ ಮರಾಠಿ ಬಾರದು, ನಳದ ಮುಂದೆ ನಿಂತರೆ ಅಳುವೇ ಬರುತ್ತಿತ್ತು. ದೇವರು ದೊಡ್ಡವನು, ಗೋಡೆಯಾಚೆಯ ಮನೆಯಲ್ಲೇ ಕನ್ನಡ ಮಾತಾಡುವ ಕಾಕು ಸಿಕ್ಕರು. ಅವರ ಯಜಮಾನರೇ ಈ ಲಾರಿ ಕಾಕಾ. ವಿಜಾಪುರದ ಕಡೆಯವರು. ಯಾರ್ಡಿನಿಂದ ಮಾಲು ಹೇರಿಕೊಂಡು ಕಲ್ಕತ್ತಾ, ದಿಲ್ಲಿ, ಗುಜರಾತ್ ಎಂದು ಹೊರಟರೆ ವಾರಗಟ್ಟಲೆ ಮುಖವಿಲ್ಲ.

ನಾನು ಆ ಚಾಳಿಗೆ ಹೋಗುವ ಮೊದಲೇ ಒಮ್ಮೆ ಅವರ ಲಾರಿ ಘಾಟಿನಲ್ಲಿ ಮಗುಚಿತ್ತಂತೆ. ಹುಬ್ಬಿನ ಮೇಲೆ ಒಂದು ಗೆರೆ ಬಿಟ್ಟರೆ ಮತ್ತೇನೂ ಆಗದೆ ಎದ್ದು ಬಂದರು. ಆವತ್ತೇ ಕಾಕು ಹರಕೆ ಹೊತ್ತರು: ಹದಿನಾರು ಸೋಮವಾರ, ಗಂಡ ಹೆಂಡತಿ ಜೋಡಿಯಾಗಿ ಶಿವನಿಗೆ ಆರತಿ. ಒಂದು ವಾರ ತಪ್ಪಿದರೆ ಮತ್ತೆ ಮೊದಲಿನಿಂದ. ದೂರದ ಲೈನಿನ ಡ್ರೈವರನ ಹೆಂಡತಿ ಹೊರುವ ಹರಕೆಯೇ ಅದು? ಎರಡು ಸಲ ಹಿಡಿದರು, ಎರಡು ಸಲವೂ ನಡುವೆ ಮುರಿಯಿತು. "ಇನ್ನೊಮ್ಮಿ ತಪ್ಪಿದ್ರ ಮತ್ತ ಹಿಡಿಯೂದಿಲ್ಲ ನೋಡವಾ. ಅಂವಗ ನಮ್ಮ ಆರತಿ ಬ್ಯಾಡಾಗೇದ ಅಂತ ತಿಳ್ಕೋತೀನಿ" ಎಂದರು ನನ್ನ ಹತ್ತಿರ. ಶಿವನ ಮೇಲೆ ಅಷ್ಟು ಸಲಿಗೆಯ ಸಿಟ್ಟು ಅವರಿಗೆ.

ಅದೇ ಹೊತ್ತಿಗೆ ಕಾಕಾ ಆ ರೇಡಿಯೋ ತಂದರು. ಆಕಾಶದಲ್ಲಿನ ಉಪಗ್ರಹದಿಂದ ನೇರ ಬರುವ ರೇಡಿಯೋ. ನಾಗಪುರದಲ್ಲಿ ನಿಂತರೂ ಕನ್ನಡ, ಬಂಗಾಳದಲ್ಲಿ ನಿಂತರೂ ಅದೇ ಕನ್ನಡ. ಕಾಕಾ ಅದನ್ನು ತೋರಿಸಿದ ಸಡಗರ ಈಗಲೂ ಕಣ್ಣ ಮುಂದಿದೆ... ಮನೆಗೆ ಹೊಸ ಸೊಸೆ ಬಂದ ಹಾಗೆ. ಆದರೆ ಸೊಸೆಗೆ ಒಂದು ಹಟ. ಗಾಡಿ ಓಡುವಾಗ ಹಾಡುವುದಿಲ್ಲ. ಲಾರಿ ನಿಲ್ಲಿಸಿ, ಕರಿ ಹಲಗೆಯನ್ನು ಕ್ಯಾಬಿನ್ನಿನ ಮೇಲಿಟ್ಟು, ಮೂಡಣದ ಆಕಾಶಕ್ಕೆ ಮುಖ ಮಾಡಿಸಬೇಕು. ನಡುವೆ ಮರ, ಗುಡ್ಡ ಬಂದರೆ ಬೇರೆ ರೇಡಿಯೋದಂತೆ ಕರಕರ ಕೂಡ ಅನ್ನುವುದಿಲ್ಲ, ಸುಮ್ಮನಾಗಿಬಿಡುತ್ತದೆ. ಢಾಬಾದಲ್ಲಿ ಉಳಿದ ಡ್ರೈವರುಗಳು ಮೇಲಿಟ್ಟ ಹಲಗೆ ನೋಡಿ ಹಪ್ಪಳ ಒಣಗಿತೇ ಎಂದು ಕೇಳುತ್ತಿದ್ದರಂತೆ. ಇನ್ನೂ ಹಸಿ ಇದೆ, ಆದ ಮೇಲೆ ಕರೆಯುತ್ತೇನೆ ಎನ್ನುತ್ತಿದ್ದರಂತೆ ಕಾಕಾ.

ಅದರಲ್ಲಿ ಮುಸ್ಸಂಜೆಗೆ ಭಜನೆ, ಕೊನೆಗೆ ಮಂಗಳಾರತಿ. ಉಪಾಯ ಹೊಳೆದದ್ದು ಕಾಕಾಗೆ. ಅಲ್ಲಿ ಆರತಿ ಹಾಡು ಶುರುವಾದ ಕೂಡಲೇ ಅವರು ಮೊಬೈಲಿನಿಂದ ನಮ್ಮ ಮನೆಯ ಫೋನಿಗೆ ಎರಡು ರಿಂಗ್ ಕೊಟ್ಟು ಕಟ್ ಮಾಡುವುದು. ನಾನು ಎತ್ತಬಾರದು. ಓಡಿ ಹೋಗಿ ಕಾಕುಗೆ ಹೇಳಬೇಕು. ಅಲ್ಲಿ ಡ್ಯಾಶ್‌ಬೋರ್ಡಿನ ಮೇಲಿನ ಶಿವನಿಗೆ ಅವರು, ಇಲ್ಲಿ ದೇವರ ಜಗಲಿಯ ಮೇಲಿನ ಶಿವನಿಗೆ ಇವರು, ಒಂದೇ ಗಳಿಗೆಯಲ್ಲಿ ಆರತಿ ಎತ್ತುವುದು. ಇದು ನಡೆಯುತ್ತದೆಯೇ ಎಂದು ಊರಿಂದ ಬಂದಿದ್ದ ಅಯ್ಯನವರನ್ನು ಕಾಕು ಕೇಳಿದರು. ಅವರು ನಕ್ಕು, "ಒಂದ ವ್ಯಾಳ್ಯಾಕ್ಕ ಇಬ್ಬರೂ ಎತ್ತಿದ್ರ ಜೋಡಿನ ಆತಲ್ಲವಾ. ಸುಳ್ಳೊಂದ ಬ್ಯಾಡ" ಎಂದರು.

ಹೀಗೆ ಮೂರನೆಯ ಸಲ ಹರಕೆ ಹಿಡಿದರು. ಸೋಮವಾರ ಸಂಜೆ ನನ್ನ ಕೈಯಲ್ಲಿ ಹಿಟ್ಟಿರಲಿ, ಸೋಪಿನ ನೊರೆಯಿರಲಿ, ಟ್ರಿಣ್ ಟ್ರಿಣ್ ಎಂದು ನಿಂತಿತೆಂದರೆ ಓಟ. "ಬಂತ್ರೀ ಕಾಕೂ!" ಬರಬರುತ್ತ ಇಡೀ ಚಾಳೇ ಸೇರಿಕೊಂಡಿತು. ಎದುರು ಮನೆಯ ಮರಾಠಿ ಆಜಿಯಂತೂ ಐದು ಗಂಟೆಯಿಂದಲೇ "ಆಲಾ ಕಾ ಫೋನ್?", ಬಂತೇ ಫೋನು, ಎಂದು ಕೇಳುತ್ತ ಹೊಸ್ತಿಲಲ್ಲೇ ಕೂತಿರುತ್ತಿದ್ದರು. ಆಮೇಲೆ ಎಲ್ಲರಿಗೂ ತುಪ್ಪ ಬೆಲ್ಲದ ಚೂರ್ಮಾ ಪ್ರಸಾದ. ನನಗೆ ಮರಾಠಿ ಬಂದದ್ದು ಆ ಚೂರ್ಮಾ ತಿನ್ನುತ್ತ ಎಂದರೆ ಸುಳ್ಳಲ್ಲ.

ಇನ್ನೇನು ಮೂರು ಸೋಮವಾರ ಉಳಿದಿದ್ದವು. ಆ ಸಂಜೆ ಫೋನ್ ಬರಲಿಲ್ಲ.

ಹೊತ್ತು ಮುಳುಗಿತು. ಎಲ್ಲರ ಮನೆಯ ದೀಪ ಹತ್ತಿದವು. ಕಾಕು ಮಾತ್ರ ಬತ್ತಿ ಹಾಕಿಟ್ಟ ಆರತಿಯ ಮುಂದೆ ಕಡ್ಡಿಪೆಟ್ಟಿಗೆ ಹಿಡಿದು ಕೂತೇ ಇದ್ದರು. ನಾನು ಎರಡು ಸಲ ಫೋನ್ ಎತ್ತಿ ನೋಡಿದೆ, ಸತ್ತಿರಲಿಲ್ಲ. ಕಾಕಾನ ಮೊಬೈಲಿಗೆ ಫೋನ್ ಹಚ್ಚಿದರೆ ಹತ್ತುತ್ತಿರಲಿಲ್ಲ. ಯಾರೋ ದೀಪ ಹಚ್ಚಿಬಿಡಿ ಕಾಕು, ಅವರು ಮರೆತಿರಬೇಕು ಎಂದರು. ಕಾಕು ತಲೆ ಎತ್ತದೆ, "ಅವರು ಮರಿಯೂದಿಲ್ಲ" ಎಂದರು. ಆಗ ನಮಗೆ ಹರಕೆ ಮರೆತೇಹೋಯಿತು. ಘಾಟು, ಮಗುಚಿದ ಲಾರಿ... ಅದೇ ಎಲ್ಲರ ತಲೆಯಲ್ಲಿ. ಚೂರ್ಮಾ ತಣ್ಣಗಾಗುತ್ತಿತ್ತು. ನಾನು ಮನಸ್ಸಿನಲ್ಲೇ, ತಂದೆ, ಹರಕೆ ಬೇಕಾದರೆ ನಾಲ್ಕನೆಯ ಸಲ ಹಿಡಿದೇವು, ಮನುಷ್ಯನನ್ನು ಕಳಿಸು ಎಂದು ಬೇಡಿಕೊಂಡೆ.

ಚಾಳಿನ ಬಾಗಿಲಿಗೆ ರಿಕ್ಷಾ ಬಂದು ನಿಂತಿತು. ಇಳಿದವರು ಕಾಕಾ. ಮುಖವೆಲ್ಲ ಧೂಳು, ಬಗಲಲ್ಲಿ ಟವೆಲಿನಲ್ಲಿ ಸುತ್ತಿದ ರೇಡಿಯೋ, ಕೂಸನ್ನು ಎತ್ತಿಕೊಂಡಂತೆ.

ಗುಜರಾತಿನಿಂದ ಬರುತ್ತ ಖಂಡಾಳಾ ಘಾಟಿನ ಕೆಳಗೆ ದಾರಿ ಕಟ್ಟಿ ಸಿಕ್ಕಿಕೊಂಡಿದ್ದರಂತೆ. ಮೂಡಣಕ್ಕೆ ಗೋಡೆಯ ಹಾಗೆ ಗುಡ್ಡ. ಹಲಗೆಯನ್ನು ಹೇಗೆ ತಿರುವಿದರೂ ರೇಡಿಯೋ ಬಾಯಿ ಬಿಡಲಿಲ್ಲ. ಹೊತ್ತು ಮೀರಿತು. ದಾರಿ ಬಿಟ್ಟ ಕೂಡಲೇ ಘಾಟ್ ಹತ್ತಿ, ಊರ ಹೊರಗೆ ದೇಹೂ ರೋಡಿನ ಪರಿಚಯದ ಪೆಟ್ರೋಲ್ ಪಂಪಿನಲ್ಲಿ ಲಾರಿ ನಿಲ್ಲಿಸಿ, ಬೇಗ ಮುಟ್ಟಲೆಂದು ರಿಕ್ಷಾ ಹಿಡಿದಿದ್ದರು.

"ಅಲ್ಲ ಕಾಕಾ, ಒಂದ ರಿಂಗ್ ಕೊಡಬಾರದಾಗಿತ್ತೇನ್ರಿ?" ಎಂದೆ ನಾನು, ಅಳು ತಡೆದು.

"ಮೊದ್ಲ ಘಾಟಿನ್ಯಾಗ ರೇಂಜ್ ಇರ್ಲಿಲ್ಲ. ಆಮ್ಯಾಲ ಕೊಟ್ಟಿದ್ರ ನಿಮ್ಮ ಕಾಕು ದೀಪಾ ಹಚ್ಚಿಬಿಡ್ತಿದ್ಲು. ಆರತಿ ಕೇಳಲಾರದ ರಿಂಗ್ ಕೊಟ್ರ ಸುಳ್ಳಾಗ್ತದಲ್ಲವಾ." ಆಮೇಲೆ ಹೆಂಡತಿಯ ಕಡೆ ನೋಡಿ, "ರೇಡಿಯೋ ಹಾಡ್ಲಿಲ್ಲ. ಅದಕ್ಕ ನಾನ ಬಂದೆ" ಎಂದರು.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ಹಂಗಾರ ಈಗ ನೀವ ಹಾಡ್ರಿ" ಎಂದು ಕಡ್ಡಿ ಗೀರಿದರು.

ಕಾಕಾ ಕೈಕಾಲು ತೊಳೆದು ಬಂದು ಹಾಡಿದರು. ಅಯ್ಯೋ ದೇವರೇ, ಆ ದನಿ! ಹಾರ್ನು ಕೇಳಿ ಕೇಳಿ ಕಲಿತದ್ದು. ಶ್ರುತಿ ಒಂದು ಊರಿಗೆ, ತಾಳ ಇನ್ನೊಂದು ಊರಿಗೆ. ಆಜಿ ಮೊದಲು ನಕ್ಕರು, ಆಮೇಲೆ ನಾವೆಲ್ಲ, ಕೊನೆಗೆ ಆರತಿ ಹಿಡಿದ ಕಾಕುವಿನ ಕೈಯೂ ನಗೆಗೆ ಅಲುಗತೊಡಗಿತು. ಕಾಕಾ ಮಾತ್ರ ಕಣ್ಣು ಮುಚ್ಚಿ ಒಂದು ನುಡಿಯೂ ಬಿಡದೆ ಹಾಡಿ ಮುಗಿಸಿದರು. ಅಷ್ಟು ಚೆಂದದ ಆರತಿಯನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ.

ಹರಕೆ ಮುಟ್ಟಿತು. ಕೊನೆಯ ಸೋಮವಾರ ಕಾಕಾ ರಜೆ ಹಾಕಿ ಮನೆಯಲ್ಲೇ ಇದ್ದರು. ಆ ದಸರೆಗೆ ಲಾರಿಯ ಜೊತೆ ಈ ಹಲಗೆಗೂ ಕುಂಕುಮ ಹಚ್ಚಿ ಪೂಜೆಯಾಯಿತು. ಮುಂದೆ ಕೆಲವು ವರ್ಷಕ್ಕೆ ಆ ರೇಡಿಯೋ ಸೇವೆಯೇ ನಿಂತುಹೋಯಿತು. ಎಷ್ಟು ತಿರುವಿದರೂ ಆಕಾಶ ಮಾತಾಡಲಿಲ್ಲ. ಕಾಕಾ ಲೈನ್ ಬಿಟ್ಟರು, ಊರು ಸೇರಿದರು... ಅಲ್ಲಿ ತಮ್ಮ ಹಾಸಿಗೆಯಲ್ಲೇ, ಹಗಲಲ್ಲೇ, ಕಾಕುವಿನ ಕೈಯಿಂದ ನೀರು ಕುಡಿದು ಹೋದರು. ಡ್ರೈವರನಿಗೆ ಅದು ದೊಡ್ಡ ಭಾಗ್ಯ ಎಂದು ಕಾಕುವೇ ಹೇಳಿ ಈ ಗಂಟನ್ನು ನನಗೆ ಕೊಟ್ಟದ್ದು. ಈಗ ಅವರೂ ಇಲ್ಲ.

ಹಲಗೆಯನ್ನು ಒರೆಸಿದೆ, ಬೊಟ್ಟನ್ನು ಹಾಗೇ ಬಿಟ್ಟೆ. ಮೂಡಣದ ಕಿಟಕಿಯಲ್ಲಿಟ್ಟಿದ್ದೇನೆ. ಮೊಮ್ಮಗಳು ಇದೇನಜ್ಜಿ ಎಂದಳು. ಹಪ್ಪಳ, ಇನ್ನೂ ಹಸಿ ಇದೆ ಎಂದೆ. ನಮ್ಮ ಮನೆಯಲ್ಲಿ ಆ ಹಳೆಯ ಫೋನ್ ಇಲ್ಲ. ಆದರೂ ಸೋಮವಾರ ಸಂಜೆ ಕಡ್ಡಿ ಗೀರುವ ಮುಂಚೆ ಕೈ ತಾನಾಗಿ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ನಾನೇ ಹಾಡಲು ಶುರು ಮಾಡುತ್ತೇನೆ.