ಮಟನ್ ಖಾನಾವಳಿಯ ಹಳದಿ ಸ್ಕೂಟರ್

ಹೂವು, ಕುಂಕುಮ ಕಂಡಲ್ಲಿ ನನ್ನ ಚಪ್ಪಲಿ ತಾನಾಗಿಯೇ ಕಳಚಿಕೊಳ್ಳುತ್ತದೆ. ಅದು ಅವ್ವ ಕಲಿಸಿದ್ದು. ಜೊತೆಗೆ ದನಿಯೂ ತಗ್ಗುತ್ತದೆ. ಅದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು. ಈ ಎರಡು ಒಳ್ಳೆಯ ಅಭ್ಯಾಸಗಳಿಂದ ನಾನೊಂದು ಮಟನ್ ಖಾನಾವಳಿಯನ್ನು ಮುಳುಗಿಸುವುದರಲ್ಲಿದ್ದೆ.

ಅದು ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿದೆ. ಒಳಗೆ ಕಾಲಿಟ್ಟರೆ ಎದುರಿಗೇ ಕಟ್ಟೆಯ ಮೇಲೊಂದು ಹಳದಿ ಸ್ಕೂಟರ್, ಪಕ್ಕಕ್ಕೆ ಜೋಡಿಸಿದ ತೊಟ್ಟಿಲಿನಂಥ ಒಂಟಿ ಸೀಟು. ಮಾಲೀಕ ನರಸಪ್ಪ ಮದುವೆಯಾದ ಹೊಸದರಲ್ಲಿ ಹೆಂಡತಿ ಈರಮ್ಮನನ್ನು ಅದರಲ್ಲಿ ಕೂರಿಸಿಕೊಂಡು ಗೋಕರ್ಣಕ್ಕೆ ಹೋಗಿ ಬಂದಿದ್ದನಂತೆ. ದಾರಿಯ ಊರುಗಳನ್ನೆಲ್ಲ ಮಡ್‌ಗಾರ್ಡಿನ ಮೇಲೆ ಬರೆಸಿದ್ದಾನೆ. ಹುಬ್ಬಳ್ಳಿ ಎರಡು ಸಲ ಇದೆ. ಹೋಗುವಾಗಿನದೊಂದು, ಬರುವಾಗಿನದೊಂದು.

ದಸರೆಯಲ್ಲಿ ಈರಮ್ಮ ಅದರ ಗುಂಡನೆಯ ದೀಪಕ್ಕೆ ಮೂರು ಗೆರೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿದ್ದಳು. ನಾನೂ ಮಿಕ್ಸಿಗೆ ಕುಂಕುಮ ಹಚ್ಚುವವಳೇ. ಅದಕ್ಕಾದರೆ ಮರುದಿನ ಚಟ್ನಿ ತಗುಲಿ ದೈವತ್ವ ತೊಳೆದುಹೋಗುತ್ತದೆ. ಈ ಸ್ಕೂಟರಿಗೆ ಬೇರೆ ಕೆಲಸವಿರಲಿಲ್ಲ. ಹಬ್ಬ ಕಳೆದ ವಾರ ಊಟಕ್ಕೆ ಹೋದ ನಾನು, ಅಭ್ಯಾಸಬಲದಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಹಿಂದೆ ಬಂದ ದೇವದುರ್ಗದ ಕುಟುಂಬವೊಂದು ನನ್ನನ್ನು ನೋಡಿ ತಾನೂ ಬಿಟ್ಟಿತು. ಅಜ್ಜಿಯೊಬ್ಬರು ಕೈಮುಗಿದೇ ಬಿಟ್ಟರು.

ತಿಂಗಳು ಬಿಟ್ಟು ಹೋದರೆ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಅಂಗಳದಲ್ಲಿ ಹೊಸ ಬೈಕೊಂದರ ಗಾಲಿಯ ಕೆಳಗೆ ನಿಂಬೆಹಣ್ಣು. ಅಷ್ಟು ದೂರ ಹೋಗಿ ಸುಖವಾಗಿ ಬಂದ ಗಾಡಿಯಲ್ಲವೇ, ಅದರ ಮುಂದೆ ಪೂಜೆ ಮಾಡಿಸಿದರೆ ಒಳ್ಳೆಯದಂತೆ! ಒಳಗೆ ಎಲ್ಲರ ತಟ್ಟೆಯಲ್ಲೂ ಮೊಸರನ್ನ.

ನರಸಪ್ಪ ನನ್ನನ್ನು ಕಂಡವನೇ ಅಳುಮುಖ ಮಾಡಿದ. “ಅಕ್ಕಾರ, ಚಪ್ಪಲ್ ಬಿಡೋದು ನಿಮ್ಮಿಂದನ ಚಾಲೂ ಆತ್ ನೋಡ್ರಿ. ದೇವ್ರ ಮುಂದ ಮಟನ್ ಹ್ಯಾಂಗ ತಿನ್ನೋದು ಅಂತಾರ. ಹಿಂಗಾದ್ರ ಅಂಗಡಿ ಬಾಗಲಾ ಹಾಕೋದ ಸೈ.”

“ಒರೆಸಿಬಿಡಿ,” ಎಂದೆ ಮೆಲ್ಲಗೆ.

“ವಿಭೂತಿ ಒರಸಾಕ ನನಗ ಧೈರ್ಯಾ ಇಲ್ರೀ.”

ಅಡುಗೆಮನೆಯಿಂದ ಈರಮ್ಮ ಹೊರಬಂದಳು. ಕೈಯಲ್ಲಿ ತಟ್ಟೆ, ಅದರಲ್ಲಿ ಜೋಳದ ರೊಟ್ಟಿ, ಮಟನ್. ಸೀರೆ ಎತ್ತಿ ಸಿಕ್ಕಿಸಿಕೊಂಡು ಕಟ್ಟೆ ಹತ್ತಿ, ಹೂಮಾಲೆ ಸರಿಸಿ, ತೊಟ್ಟಿಲ ಸೀಟಿನಲ್ಲಿ ಧಪ್ಪನೆ ಕುಳಿತಳು. ವಯಸ್ಸಿನೊಂದಿಗೆ ಆಕೆ ಅಗಲವಾಗಿದ್ದಾಳೆ, ಸೀಟು ಆಗಿಲ್ಲ.

“ಇದು ನನ್ನ ಜಾಗಾ,” ಎಂದಳು ಎಲ್ಲರಿಗೂ ಕೇಳುವಂತೆ. “ಗೋಕರ್ಣದಾಗ ಇದರಾಗ ಕುಂತ ಮೀನಾ ತಿಂದೀನಿ. ದಾರಿತುಂಬಾ ಈ ಮನುಷ್ಯಾಗ ಬೈದೀನಿ. ಒಂದಿನಾನೂ ಸಿಟ್ಟಾಗಿಲ್ಲ, ಗಾಡಿ.”

“ನಾ ಆಗೀನಿ,” ಎಂದ ನರಸಪ್ಪ.

ಇಡೀ ಖಾನಾವಳಿ ನಕ್ಕಿತು. ಮೂಲೆಯಲ್ಲಿದ್ದ ಮುದುಕರೊಬ್ಬರು ಮೊಸರನ್ನ ಪಕ್ಕಕ್ಕೆ ತಳ್ಳಿ, “ಯವ್ವಾ, ನನಗೂ ಒಂದ್ ಪ್ಲೇಟ್ ಮಟನ್ ಹೇಳು,” ಎಂದರು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೂಗತೊಡಗಿದರು. ನರಸಪ್ಪ ಅಡುಗೆಮನೆಗೆ ಓಡಿದ. ಸ್ವಲ್ಪ ಹೊತ್ತಿಗೆ ನನ್ನ ಮುಂದೆಯೂ ರೊಟ್ಟಿ, ಮಟನ್ ಬಂತು.

ಸೀಟಿನಿಂದ ಏಳಲಾಗದೆ ಈರಮ್ಮ ಅಲ್ಲೇ ಉಣ್ಣುತ್ತಿದ್ದಳು. ಆಕೆಗೊಂದು ನಮಸ್ಕಾರ ಹಾಕಬೇಕೆನಿಸಿತು; ನನ್ನದು ಎಂಜಲುಗೈ. ಸುಮ್ಮನೆ ನೋಡಿದೆ. ಆಕೆ ಏನು ತಿಳಿದುಕೊಂಡಳೋ, ಒಳಗಿದ್ದ ಗಂಡನಿಗೆ ಕೂಗಿದಳು: “ಅಕ್ಕಾರಿಗೆ ಇನ್ನೊಂದ್ ಬಿಸಿ ರೊಟ್ಟಿ ತರ್ರಿ.”