ಅಳಿಯನ ಜೀಪಿಗೆ ಎಷ್ಟು ಪೌಂಡಿನ ವಿಂಚ್?

ನನ್ನ ಜೀಪು ಕೆಸರಿನಲ್ಲಿ ಸಿಕ್ಕಿಬೀಳುವುದಕ್ಕೆ ಒಂದೇ ಒಂದು ಜಾಗ ಆರಿಸಿಕೊಂಡಿತ್ತು. ಅದು ನನ್ನ ಮಾವನ ಹೊಲ. ಬೈಲಹೊಂಗಲದಿಂದ ಹೊರಟು ಮುನವಳ್ಳಿ, ಸವದತ್ತಿ ದಾಟಿ ಸುರೇಬಾನದ ತನಕ ಒಮ್ಮೆಯೂ ಮುನಿಸಿಕೊಳ್ಳದ ಗಾಡಿ, ಡಾಂಬರು ಬಿಟ್ಟು ಮಾವನ ತೋಟದ ಮನೆಯ ದಾರಿಗೆ ಇಳಿಯಿತೆಂದರೆ ಹೋಗುವಾಗ ಹೇಗೋ ಹೋಗುತ್ತಿತ್ತು, ಬರುವಾಗ ಮಾತ್ರ ಕುಳಿತುಬಿಡುತ್ತಿತ್ತು. ಮಳೆಗಾಲದ ಎರೆಮಣ್ಣಿನ ಸ್ವಭಾವ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಅದು ಉಂಡು ಎದ್ದವರನ್ನು ಕೈಹಿಡಿದು ಮತ್ತೆ ಕೂಡಿಸುವ ಬೀಗರ ಹಾಗೆ. ಕೊಸರಿಕೊಂಡಷ್ಟೂ ಹಿಡಿತ ಬಿಗಿ.

ಕುಳಿತ ಜೀಪನ್ನು ಎಳೆಯಲು ಮಾವ ಎತ್ತು ಹೂಡಿಕೊಂಡು ಬರುತ್ತಿದ್ದರು. ಬರುವುದೇನು, ನಾನು ಹೊರಟಾಗಲೇ ಎತ್ತಿನ ಕೊರಳಿಗೆ ನೊಗ ಬಿದ್ದಿರುತ್ತಿತ್ತು. ಹಗ್ಗ ಕಟ್ಟುತ್ತಾ ಪ್ರತಿ ಸಲವೂ ಅದೇ ಪ್ರಶ್ನೆ.

“ಅಳಿಯಾರ, ನಿಮ್ಮ ಗಾಡೀಗೆ ಎಷ್ಟ ಕುದರೀ ಶಕ್ತಿ ಅಂದ್ರಿ?”

“ಅರವತ್ರಿ, ಮಾವಾರ.”

“ಹೌದಲ್ರೀ? ನಮ್ಮೂ ಎರಡ ಎತ್ತ ಅದಾವ ನೋಡ್ರಿ.”

ಎರಡು ಎತ್ತು ಅರವತ್ತು ಕುದುರೆಗಳನ್ನು ಎಳೆದು ಡಾಂಬರಿನ ಮೇಲೆ ನಿಲ್ಲಿಸುತ್ತಿದ್ದವು. ಆಮೇಲೆ ಈ ಕಥೆ ರಾಮದುರ್ಗದ ಮದುವೆ, ಸವದತ್ತಿಯ ಸೀಮಂತದ ಕುಬಸ, ಎಲ್ಲೆಂದರಲ್ಲಿ ನನಗಿಂತ ಮೊದಲು ಹೋಗಿ ಪಂಕ್ತಿಯಲ್ಲಿ ಕುಳಿತಿರುತ್ತಿತ್ತು. ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಎದುರು ಪಕ್ಷದವರ ಬಾಯಿ ಮುಚ್ಚಿಸುವ ನಾನು, ಬೀಗರ ಪಂಕ್ತಿಯಲ್ಲಿ ಮಾತ್ರ ತಲೆ ತಗ್ಗಿಸಿ ಹೋಳಿಗೆ ತಿನ್ನುತ್ತಿದ್ದೆ. ಒಂದೇ ಒಂದು ಸಲ ಆ ಹೊಲದಿಂದ ನನ್ನ ಸ್ವಂತ ಬಲದ ಮೇಲೆ ಹೊರಬರಬೇಕು ಎನ್ನುವುದು ನನ್ನ ಜೀವನದ ದೊಡ್ಡ ಆಸೆಯಾಗಿಬಿಟ್ಟಿತು. ನಗಬೇಡಿ. ನಿಮಗೂ ಮಾವ ಇದ್ದಾರು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜೀಪಿನ ಮೂತಿಗೆ ವಿಂಚ್ ಎಂಬ ರಾಟೆ ಕೂಡಿಸಬಹುದು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗವನ್ನು ಬಿಚ್ಚಿ ದೂರದ ಗಿಡಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಬ್ಯಾಟರಿಯ ಬಲದಿಂದ ರಾಟೆ ತಿರುಗಿ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ ಎಂದು ಹೇಳಿದವನು ನಮ್ಮ ಮೆಕ್ಯಾನಿಕ್ ದಾವಲಸಾಬ. ತನ್ನನ್ನು ತಾನೇ! ನನಗೆ ಇಷ್ಟು ಕೇಳಿದ್ದೇ ಸಾಕಾಯಿತು. ಆದರೆ ಎಷ್ಟು ಶಕ್ತಿಯ ವಿಂಚ್ ಎಂಬ ಪ್ರಶ್ನೆ ಬಂತು. ಹೆಣ್ಣು ನೋಡುವಾಗಲೂ ನಾನು ಇಷ್ಟು ವಿಚಾರ ಮಾಡಿರಲಿಲ್ಲ.

ಮೊದಲ ತೊಡಕು ಪೌಂಡಿನದು. ವಿಂಚಿನ ಶಕ್ತಿಯನ್ನು ಪೌಂಡಿನಲ್ಲಿ ಬರೆದಿರುತ್ತಾರೆ. ಬೈಲಹೊಂಗಲದಲ್ಲಿ ಹತ್ತಿಯನ್ನೂ ಜೋಳವನ್ನೂ ಕ್ವಿಂಟಲಿನಲ್ಲಿ ತೂಗುವ ನಮಗೆ ಪೌಂಡಿನ ಲೆಕ್ಕದಲ್ಲಿ ಗೊತ್ತಿದ್ದ ವಸ್ತುವೆಂದರೆ ಬೇಕರಿಯ ಬ್ರೆಡ್ಡು ಒಂದೇ. ದಾವಲಸಾಬನ ಹತ್ತಿರ ಎರಡು ವಿಂಚ್ ಇದ್ದವು, ನಾಲ್ಕು ಸಾವಿರ ಪೌಂಡಿನದು ಮತ್ತು ಎಂಟು ಸಾವಿರ ಪೌಂಡಿನದು. ಹಣೆಯ ಮೇಲೆ ಬೆರಳಿಟ್ಟುಕೊಂಡು ಲೆಕ್ಕ ಹಾಕಿದೆವು. ಮೊದಲನೆಯದು ಹದಿನೆಂಟು ಕ್ವಿಂಟಲ್, ಎರಡನೆಯದು ಅದರ ದುಪ್ಪಟ್ಟು. ಗಾಡಿಯ ತೂಕದ ಒಂದೂವರೆ ಪಟ್ಟು ಶಕ್ತಿ ಇದ್ದರೆ ಸಾಕು ಎಂಬುದು ಬಲ್ಲವರ ಸೂತ್ರ.

ಕಿತ್ತೂರಿನ ನನ್ನ ವಕೀಲ ಮಿತ್ರ ಬಸನಗೌಡ ಅಷ್ಟೂ ಬೇಡವೆಂದ. “ಹಗ್ಗ ತಗೊಂಡು ಒಂದ ಗಿಡಕ್ಕ ಹಾಕು, ಸಣ್ಣದೂ ಎಳೀತೈತಿ,” ಎಂದು ತೀರ್ಪು ಕೊಟ್ಟ. ಅವನ ಊರಿನ ಕಡೆ ಹತ್ತು ಹೆಜ್ಜೆಗೊಂದು ಸಾಗುವಾನಿ, ಮತ್ತಿ ಮರ. ಸುರೇಬಾನದ ಎರೆಹೊಲದಲ್ಲಿ ಕಣ್ಣು ಹಾಯಿಸಿದರೆ ಆಕಾಶವೇ ಮೊದಲು ಸಿಗುತ್ತದೆ. ಈ ವ್ಯತ್ಯಾಸ ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ವಕೀಲರು ಸಲಹೆ ಕೊಡುವಾಗ ಸ್ಥಳ ಪರಿಶೀಲನೆ ಮಾಡುವುದು ಕಡಿಮೆ.

ಕೊನೆಗೆ ಜೀಪನ್ನು ತೂಗಿಯೇ ಬಿಡೋಣ ಎಂದು ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಹತ್ತಿಸಿದೆವು. ತೂಕ ಕರಾರುವಾಕ್ಕಾಗಿ ಬರಲಿ ಎಂದು ನಾನು ಕೆಳಗಿಳಿದೆ. ದಾವಲಸಾಬ ಹಿಂದಿನ ಸೀಟಿನಲ್ಲಿದ್ದ ಹಳೆಯ ಟ್ಯೂಬು, ಜಾಕು, ನನ್ನ ಕೊಡೆಯನ್ನೂ ತೆಗೆದಿಟ್ಟ. ಹನ್ನೆರಡು ಕ್ವಿಂಟಲ್! ಅದರ ಒಂದೂವರೆ ಪಟ್ಟು ಹದಿನೆಂಟು. ಚಿಕ್ಕ ವಿಂಚಿಗೆ ಹೇಳಿ ಮಾಡಿಸಿದಂಥ ಲೆಕ್ಕ. ಇಬ್ಬರೂ ಒಬ್ಬರ ಬುದ್ಧಿಯನ್ನು ಇನ್ನೊಬ್ಬರು ಹೊಗಳಿಕೊಂಡು ಚಹಾ ಕುಡಿದೆವು. ಹಗ್ಗ ಹರಿದರೆ ಚಾಟಿಯಂತೆ ಬೀಸುತ್ತದೆ, ಎಳೆಯುವಾಗ ಅದರ ಮೇಲೆ ದಪ್ಪ ಕಂಬಳಿ ಹೊದಿಸಿ ಎಂದು ಅವನು ಎಚ್ಚರ ಹೇಳಿದ.

ಆ ಶ್ರಾವಣದಲ್ಲಿ ಮೂತಿಗೆ ವಿಂಚ್ ಕಟ್ಟಿಕೊಂಡು ಹೆಂಡತಿ ಸುಮಂಗಲಾಳನ್ನು ಕೂಡಿಸಿಕೊಂಡು ಮಾವನ ಮನೆಗೆ ಹೋದೆ. ಎರಡು ದಿನ ಇದ್ದೆವು. ಹೊರಡುವ ದಿನ ಬೆಳಗ್ಗೆ ಅತ್ತೆ ಬುತ್ತಿ ಕಟ್ಟತೊಡಗಿದರು. ಅವರ ಬುತ್ತಿಯೆಂದರೆ ರೊಟ್ಟಿಯ ಗಂಟಲ್ಲ. ಮೂರು ಚೀಲ ಜೋಳ, ಅರ್ಧ ಚೀಲ ಶೇಂಗಾ, ಬೆಲ್ಲದ ಪೆಂಟಿ, ಕೆಂಪು ಮೆಣಸಿನಕಾಯಿಯ ಗಂಟು, ಉಪ್ಪಿನಕಾಯಿಯ ಭರಣಿ. ಭರಣಿ ಅಲುಗಾಡಬಾರದೆಂದು ಅದರ ಒತ್ತಿಗೆ ಒಂದು ಬೀಸುಕಲ್ಲು. ಜೀಪಿನ ಹಿಂಭಾಗ ನಿಧಾನವಾಗಿ ನೆಲದ ಕಡೆ ಬಾಗುತ್ತಿರುವುದನ್ನು ನೋಡುತ್ತಾ ನಿಂತಾಗ ಕಾಟಾದ ಮೇಲೆ ನಾನು ತೂಗಿದ್ದು ಯಾವ ಗಾಡಿಯನ್ನು ಎಂಬುದು ನನಗೆ ತಿಳಿಯಿತು. ತೂಗಿದ್ದು ಹೋಗುವ ಗಾಡಿಯನ್ನು. ಸಿಕ್ಕಿಬೀಳುತ್ತಿದ್ದುದು ಬರುವ ಗಾಡಿ. ಕೊಡೆಯನ್ನೂ ಕೆಳಗಿಳಿಸಿ ತೂಗಿದ ನನಗೆ ಅತ್ತೆಯ ನೆನಪೇ ಆಗಿರಲಿಲ್ಲ!

ಜೀಪು ತನ್ನ ಮಾಮೂಲಿ ಜಾಗದಲ್ಲಿ ಕುಳಿತುಬಿಟ್ಟಿತು. ಮಾವ ಎತ್ತು ಹೊಡೆದುಕೊಂಡು ಬಂದರು.

“ಬ್ಯಾಡ್ರಿ ಮಾವಾರ, ಇವತ್ತ ಅದ ಎಳಕೋತೈತಿ.”

“ಹಂಗಾರ ಎತ್ತಿಗೆ ಇವತ್ತ ಸೂಟಿ,” ಎಂದು ಮಾವ ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕತೊಡಗಿದರು.

ಉಕ್ಕಿನ ಹಗ್ಗ ಬಿಚ್ಚಿಕೊಂಡು ನಾಲ್ಕೂ ದಿಕ್ಕು ನೋಡಿದೆ. ಕಟ್ಟುವುದಕ್ಕೆ ಗಿಡವೇ ಇಲ್ಲ. ಬದುವಿನಲ್ಲಿ ಒಂದೇ ಒಂದು ಜಾಲಿ, ನನ್ನ ತೋಳಿನಷ್ಟು ದಪ್ಪದ್ದು. ಅದಕ್ಕೇ ಸಿಕ್ಕಿಸಿ ಗುಂಡಿ ಒತ್ತಿದೆ. ಜೀಪು ಗಿಡದ ಹತ್ತಿರ ಹೋಗಬೇಕಿತ್ತು. ಗಿಡವೇ ಬೇರು ಸಮೇತ ಜೀಪಿನ ಹತ್ತಿರ ಬಂತು. ಮಾವ ತಂಬಾಕನ್ನು ಬಾಯಿಗೆ ಹಾಕಿಕೊಂಡು ಆ ಬೇರನ್ನೇ ನೋಡಿದರು.

ನಾನು ಸೋಲಲಿಲ್ಲ. ಮನೆಯ ಮುಂದೆ ಬಿದ್ದಿದ್ದ ಕುಂಟಿಯನ್ನು, ಅದೇ ಕಳೆ ಹರಗುವ ಅಗಲ ಅಲಗಿನ ಸಲಕರಣೆಯನ್ನು, ಎತ್ತುಗಳಿಂದ ಎಳೆಸಿ ತರಿಸಿದೆ. ಅಲಗು ನೆಲ ಕಚ್ಚಿ ಹಿಡಿದೀತು ಎಂಬ ಭರವಸೆಯಿಂದ ಹಗ್ಗವನ್ನು ಅದಕ್ಕೆ ಸಿಕ್ಕಿಸಿ ಮತ್ತೆ ಗುಂಡಿ ಒತ್ತಿದೆ. ಕುಂಟಿ ಹೊಲದ ಮೇಲ್ಮಣ್ಣನ್ನು ಕೆರೆಯುತ್ತಾ ನೆಟ್ಟಗೆ ನನ್ನ ಕಡೆ ನಡೆದುಬಂತು. ಜೀಪು ಮಿಸುಕಲಿಲ್ಲ. ಮಾವ ಎದ್ದು ನಿಂತು ಕೈಮುಗಿದರು.

“ಹತ್ತ ವರ್ಷದಾಗ ಅಳಿಯಾರು ಇವತ್ತ ಮೊದಲನೇ ಸಲ ನಮ್ಮ ಹೊಲಾ ಹರಗಿದ್ರು. ಇನ್ನೊಂದ ಸಾಲ ಹೊಡೀರಿ.”

ಹೋಳಿಗೆ ಪಂಕ್ತಿಗಳೆಲ್ಲ ಕಣ್ಣೆದುರು ಸಾಲಾಗಿ ಬಂದವು. ಎತ್ತು ಕಟ್ಟಿ ಎಂದು ಬಾಯಿಬಿಡುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಜೀಪಿನಿಂದ ಸುಮಂಗಲಾ ಸೀರೆಯ ನೆರಿಗೆ ಎತ್ತಿಕಟ್ಟಿ ಇಳಿದಳು.

“ಅಪ್ಪಾ, ಮ್ಯಾಲ ವಜ್ಜಾ ಇಲ್ದ ಕುಂಟಿ ನೆಲಾ ಹೆಂಗ ಹಿಡೀತೈತಿ? ನಾ ಸಣ್ಣಾಕಿದ್ದಾಗ ನನ್ನ ಅದರ ಮ್ಯಾಲ ಕುಂದ್ರಸ್ತಿದ್ದಿ ಇಲ್ಲೋ? ಗೊತ್ತಿದ್ದೂ ಸುಮ್ನ ಕುಂತು ನಗಾಕ ಹತ್ತೀದಿ?”

ಮಾವ ಮೊದಲ ಸಲ ನೆಲ ನೋಡಿದರು. ಆಕೆ ನನ್ನ ಕಡೆ ತಿರುಗಿದಳು. “ಅಲ್ರೀ, ಚೀಲಾ ಇಳಸ್ರಿ. ಗಾಡಿ ಹಗರ ಆಗತೈತಿ, ಕುಂಟಿ ವಜ್ಜಾ ಆಗತೈತಿ.”

ಹತ್ತು ವರ್ಷದಲ್ಲಿ ಹೆಂಡತಿ ನನ್ನ ಪಕ್ಷಕ್ಕೆ ನಿಂತು ತವರಿನವರ ಎದುರು ವಾದಿಸಿದ್ದು ಅದೇ ಮೊದಲು. ಚೀಲಗಳು ಒಂದೊಂದಾಗಿ ಜೀಪಿನಿಂದ ಕುಂಟಿಯ ಮೇಲೆ ಹೋದವು. ಜೋಳ ಹೋಯಿತು, ಶೇಂಗಾ ಹೋಯಿತು, ಬೀಸುಕಲ್ಲೂ ಹೋಯಿತು. ಎಲ್ಲದರ ಮೇಲೆ ಸುಮಂಗಲಾ ಕುಳಿತಳು. ಮಗಳ ಒತ್ತಿಗೆ ಮಾವನೂ ಹೋಗಿ ಕುಳಿತರು. ಹಗ್ಗದ ಮೇಲೆ ಅವರದೇ ಕಂಬಳಿ ಹೊದಿಸಿ, ದೇವರ ಹೆಸರು ಹೇಳಿ ಗುಂಡಿ ಒತ್ತಿದೆ. ಅಲಗು ಮೊಳ ಆಳಕ್ಕೆ ಕಚ್ಚಿ ನಿಂತಿತು. ಜೀಪು ಒಂದು ಸಲ ನರಳಿ, ಕೆಸರಿನಿಂದ ಬಿಡಿಸಿಕೊಂಡು, ಹೆಂಡತಿ ಕುಳಿತಿದ್ದ ಕಡೆಗೆ ಮೆಲ್ಲಗೆ ನಡೆಯಿತು. ಅದುವರೆಗೆ ನಾನು ನೋಡಿದ ಯಾವ ಮೆರವಣಿಗೆಯೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಸ್ವಂತ ಬಲ ಎಂದು ನಾನು ಇಂದಿಗೂ ವಾದಿಸಬಲ್ಲೆ. ಜೀಪಿಗೆ ಎತ್ತು ಕಟ್ಟಲಿಲ್ಲ, ದಾಖಲೆ ಸ್ಪಷ್ಟವಾಗಿದೆ. ಆದರೆ ಆಚೆ ತುದಿಯಲ್ಲಿ ಮಾವ, ಮಾವನ ಮಗಳು, ಅತ್ತೆಯ ಜೋಳ ಇದ್ದುದನ್ನು ಎದುರು ಪಕ್ಷ ಎತ್ತಿದರೆ ನಾನು ಮುಂದಿನ ತಾರೀಖು ಕೇಳಬೇಕಾದೀತು. ಮಾವ ಆ ಮಾತು ಎತ್ತಲೂ ಇಲ್ಲ. ಮುಂದಿನ ಮದುವೆಯ ಪಂಕ್ತಿಯಲ್ಲಿ, “ನಮ್ಮ ಅಳಿಯಾರ ಯಂತ್ರ ಭಾಳ ಚಲೋ ಐತಿ, ನಾ ಮ್ಯಾಲ ಕುಂತ ನೋಡೇನಿ,” ಎಂದರು. ನಾನು ತಲೆ ಎತ್ತಿಯೇ ಹೋಳಿಗೆ ತಿಂದೆ.

ಇಷ್ಟಾದರೂ ಒಂದೂವರೆ ಪಟ್ಟಿನ ಸೂತ್ರದಲ್ಲಿ ನನಗೆ ನಂಬಿಕೆ ಉಳಿದಿರಲಿಲ್ಲ. ಮರುವರ್ಷ ಬೀಸುಕಲ್ಲು ಸಮೇತ ಲೆಕ್ಕ ಹಾಕಿ ಎಂಟು ಸಾವಿರ ಪೌಂಡಿನ ವಿಂಚನ್ನೇ ಹಾಕಿಸಿಕೊಂಡು ಸುರೇಬಾನಕ್ಕೆ ಹೋದೆ. ಈ ಸಲ ಚೀಲ ಇಳಿಸುವ ಕೆಲಸವೇ ಇರಬಾರದು ಎಂಬ ಹಟ. ಅತ್ತೆ ಜೀಪಿನ ಮುಂದೆ ಬಗ್ಗಿ, ಹೊಸ ರಾಟೆಯನ್ನು ಸೆರಗಿನಿಂದ ಒರೆಸಿ, ಬಹಳ ಹೊತ್ತು ನೋಡಿದರು.

“ಹ್ವಾದ ವರ್ಷದ್ದಕ್ಕಿಂತ ದೊಡ್ಡದ ಐತಲ್ರಿ?”

“ಹೌದ್ರಿ ಅತ್ತಿ,” ಎಂದೆ ಹೆಮ್ಮೆಯಿಂದ. “ದುಪ್ಪಟ್ಟ ಎಳೀತೈತಿ.”

“ಚಲೋ ಆತು ನೋಡ್ರಿ,” ಎಂದು ಅತ್ತೆ ಸಮಾಧಾನದಿಂದ ಒಳಗೆ ಹೋಗಿ, ಇನ್ನೂ ಮೂರು ಚೀಲ ಹೊರಗೆ ತರಿಸಿದರು.